ಸೆರೆ ಸಿಗದವರು

"ಅವನ ಬಾಯಿ ಮುಚ್ಚೋ ಕುವಾಬಾರಾ! ಮುಚ್ಚು ಮೊದ್ಲು!"

ಕ್ಯಾಪ್ಟನ್ ಮಿಜೊಗುಚಿ ಪಿಸುಗುಟ್ಟಿದರೂ ದನಿಯಲ್ಲಿ ಗಾಬರಿಯಿತ್ತು. ಕುವಾಬಾರಾ ಓನೊದೆರಾನ ಸುಡುವ ತುಟಿಗಳ ಮೇಲೆ ಅಂಗೈ ಒತ್ತಿದ. ಜೊಂಡಿನ ಆಚೆ, ದಾರಿಯಲ್ಲಿ, ಬೂಟುಗಳ ಸದ್ದು ಹತ್ತಿರವಾಗಿ ದೂರವಾಯಿತು. ಶತ್ರುವಿನ ಬೂಟುಗಳಲ್ಲ, ಅವರದೇ ಜಪಾನಿ ಸೇನೆಯವು. ಎದ್ದು ಒಂದು ಕೂಗು ಹಾಕಿದ್ದರೆ ಅನ್ನ, ಔಷಧಿ, ಒಣಬಟ್ಟೆ ಎಲ್ಲವೂ ಸಿಗುತ್ತಿತ್ತು.

ಕೈ ತೆಗೆದದ್ದೇ ತಡ, ಜ್ವರದ ಬಡಬಡಿಕೆ ಮತ್ತೆ ಶುರುವಾಯಿತು. "ಹಗ್ಗ ಬಿಚ್ಚಜ್ಜಿ... ಕೈ ನೋಯ್ತಿದೆ... ಹಗ್ಗ ಬಿಚ್ಚೇ..."

ತೊಂದರೆ ಇದ್ದದ್ದೇ ಅಲ್ಲಿ. ಆ ಹಗ್ಗದ ಮಾತು ಯಾವ ಜಪಾನಿಯ ಕಿವಿಗೂ ಬೀಳಬಾರದಿತ್ತು.

ಯುದ್ಧ ಶುರುವಾದ ಹೊಸದರಲ್ಲೇ ಲೂಸಾನ್ ದ್ವೀಪದ ಮೇಲೆ ಅವರ ಬಾಂಬರ್ ವಿಮಾನಕ್ಕೆ ಗುಂಡು ಬಿದ್ದು ರೆಕ್ಕೆ ಹೊತ್ತಿಕೊಂಡಿತ್ತು. ಕ್ಯಾಪ್ಟನ್ ಹೇಗೋ ಅದನ್ನು ಕಬ್ಬಿನ ಗದ್ದೆಯೊಂದರಲ್ಲಿ ಹೊಟ್ಟೆಯ ಮೇಲೆ ಇಳಿಸಿದ. ಹಿಂದೆ ಕೂತವರು ಅಲ್ಲೇ ಸುಟ್ಟುಹೋದರು. ಉಳಿದವರು ಮೂವರು: ಕ್ಯಾಪ್ಟನ್, ರೇಡಿಯೋದ ಓನೊದೆರಾ, ಎಂಜಿನ್ ನೋಡಿಕೊಳ್ಳುವ ಕುವಾಬಾರಾ. ಎಚ್ಚರವಾದಾಗ ಸುತ್ತ ಮಚ್ಚು ಹಿಡಿದ ರೈತರಿದ್ದರು. ಕೈಕಟ್ಟಿ ಊರ ಶಾಲೆಯಲ್ಲಿ ಕೂಡಿಹಾಕಿದರು. ಹಲ್ಲಿಲ್ಲದ ಅಜ್ಜಿಯೊಬ್ಬಳು ದಿನವೂ ಬೈಯುತ್ತಲೇ ಉಪ್ಪುಮೀನಿನ ಗಂಜಿ ಬಾಯಿಗಿಡುತ್ತಿದ್ದಳು. ಜಪಾನಿ ಸೇನೆ ಬರುತ್ತಿದೆಯೆಂಬ ಸುದ್ದಿಗೆ ಊರಿಗೆ ಊರೇ ಓಡಿಹೋದಾಗ ಹಗ್ಗ ಕೊಯ್ದವಳೂ ಅವಳೇ.

ಬಿಡುಗಡೆಯೇನೋ ಆಯಿತು. ಮಣಿಕಟ್ಟಿನ ಸುತ್ತ ಬಳೆಯಂತೆ ಹಗ್ಗದ ಗಾಯವಿತ್ತಲ್ಲ! ಸೆರೆಸಿಕ್ಕ ಜಪಾನಿ ಸೈನಿಕನಿಗೆ ಊರಲ್ಲಿ ಹೆಸರಿಲ್ಲ. ಮನೆಯ ಬಾಗಿಲಿಗೆ ಕಲ್ಲು ಬೀಳುತ್ತದೆ, ಹೆತ್ತವರು ತಲೆ ತಗ್ಗಿಸಿ ಓಡಾಡಬೇಕಾಗುತ್ತದೆ. ಕುವಾಬಾರಾನ ಹೆಂಡತಿ ಹತ್ಸುಯೆ ನಿಯಿಗಾತಾ ಕಡೆಯ ಹಳ್ಳಿಯಲ್ಲಿದ್ದಳು. ಅವನು ಹೊರಟುಬಂದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಆ ಕೂಸಿನ ಮುಖ ನೋಡಬೇಕು, ಅದೂ ಕಳಂಕವಿಲ್ಲದ ಅಪ್ಪನಾಗಿ. ಅವನಿಗೆ ಬೇಕಾದದ್ದು ಇಷ್ಟೇ. ಹಾಗಾಗಿ ಗಾಯ ಮಾಯುವ ತನಕ ಮೂವರೂ ತಮ್ಮವರ ಕಣ್ಣಿಗೇ ಬೀಳದೆ ಬೆಟ್ಟ, ಕೆಸರು ಸುತ್ತಿದರು. ಹಸಿಗೆಣಸು ತಿಂದರು, ಏಡಿ ತಿಂದರು. ತಮ್ಮದೇ ಬಾವುಟ ಕಂಡರೆ ಕಳ್ಳರ ಹಾಗೆ ಅಡಗಿದರು.

"ದವಾಖಾನೆ ಸೇರಿಸಿದ್ರೆ ಇವನು ಉಳ್ಕೋತಾನೆ, ಕ್ಯಾಪ್ಟನ್ರೇ."

"ಉಳ್ಕೋತಾನೆ. ಉಳ್ಕೊಂಡು ಇಡೀ ದವಾಖಾನೆಗೆ ಕೇಳೋ ಹಾಗೆ ಹಗ್ಗ, ಹಗ್ಗ ಅಂತಾನೆ. ಆಮೇಲೆ ನಿನ್ ಮಗಳನ್ನ ಯಾವನು ಮದ್ವೆ ಆಗ್ತಾನೋ?"

ಸಂಜೆಗೆ ಇನ್ನೊಂದು ತುಕಡಿ ಆ ದಾರಿಯಲ್ಲಿ ಬಂತು. ಓನೊದೆರಾ ಬಾಯಿ ತೆರೆದ. ಬೂಟುಗಳ ಸದ್ದು ಪೂರ್ತಿ ಅಡಗಿದ ಮೇಲೂ ಈ ಸಲ ಕುವಾಬಾರಾ ಕೈ ತೆಗೆಯಲಿಲ್ಲ.

ಗುಂಡಿ ತೋಡುವಾಗ ಅವನು ಬಿಕ್ಕಿಬಿಕ್ಕಿ ಅತ್ತ. ತನ್ನ ಕೈಯನ್ನು ಕಂಡರೆ ತನಗೇ ಹೇಸಿಗೆಯಾಗುತ್ತಿತ್ತು.

"ಜ್ವರ ತಗೊಂಡೋಯ್ತು ಅನ್ನು," ಎಂದ ಕ್ಯಾಪ್ಟನ್.

"ಇನ್ನೊಂದು ಸುಳ್ಳಾ?"

"ಇರೋದ್ರ ಜೊತೆ ಇದೂ ಇರ್ಲಿ ಬಿಡೋ."

ಗಾಯ ಮಾಯ್ದು ಚರ್ಮ ಒಂದಾಯಿತು. ಇಬ್ಬರೂ ಸೇನೆಯ ಕಾವಲುಠಾಣೆಗೆ ನಡೆದುಹೋದರು. ಅಲ್ಲಿಂದ ಲಾರಿ, ಆಮೇಲೆ ಹಡಗು, ಕೊನೆಗೆ ತಮ್ಮ ವಿಮಾನದಳದ ನೆಲೆ.

ನೆಲೆಯಲ್ಲಿ ಯಾರೂ ಬಂದು ತಬ್ಬಿಕೊಳ್ಳಲಿಲ್ಲ. ಮಾತು ನಿಂತಿತು, ತಲೆಗಳು ಅತ್ತ ತಿರುಗಿದವು. ಕುವಾಬಾರಾನ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದ. ಅವನನ್ನು ಯಾವಾಗಲೂ 'ಎಣ್ಣೆಮೋರೆ' ಎಂದು ಗೋಳುಹೊಯ್ದುಕೊಳ್ಳುತ್ತಿದ್ದ ಅಡುಗೆಯ ಸೊಗಾಬೆ ನಡುಬಗ್ಗಿಸಿ ನಮಸ್ಕರಿಸಿದ.

"ಬನ್ನಿ ಅಧಿಕಾರಿಗಳೇ, ಕೂತ್ಕೊಳ್ಳಿ."

"ಲೋ, ಯಾವ ಅಧಿಕಾರಿನೋ? ಗುರ್ತು ಸಿಗ್ಲಿಲ್ವಾ? ನಾನು ಕಣೋ, ಎಣ್ಣೆಮೋರೆ!"

"ಸಿಕ್ತು. ಊಟ ಮಾಡಿ."

ಬಿಳಿಯನ್ನ, ಇಡೀ ಕೆಂಪುಮೀನು, ಬೆಚ್ಚಗಿನ ಅಕ್ಕಿಹೆಂಡ ಸಾಕೆ. ಅಧಿಕಾರಿಗಳಿಗೂ ಅಪರೂಪದ ಊಟ. ಕುವಾಬಾರಾ ಬಟ್ಟಲು ಪಕ್ಕಕ್ಕೆ ಸರಿಸಿದ.

"ಹತ್ಸುಯೆ ಕಾಗದ ಬಂದಿದ್ಯಾ?"

"ಮೊದ್ಲು ಬರ್ತಿತ್ತು. ನಿಂತೋಯ್ತು." ಸೊಗಾಬೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಹೆಂಗಸಿನಂತೆ ತೋಳಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದ.

ಕುವಾಬಾರಾ ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡ. ಗೊತ್ತಾಗಿಬಿಟ್ಟಿದೆ! ಹಗ್ಗದ ವಿಷಯ ಹೇಗೋ ಊರಿನವರೆಗೂ ಮುಟ್ಟಿದೆ. ಈ 'ಅಧಿಕಾರಿಗಳೇ' ಅನ್ನುವ ಮಾತು, ಈ ಮೀನು, ಎಲ್ಲ ಗೇಲಿ. ಹಾಗಾದರೆ ಓನೊದೆರಾನನ್ನು ಕೊಂದದ್ದು ಯಾವ ಸುಖಕ್ಕೆ?

ದಳಪತಿ ಇಬ್ಬರನ್ನೂ ಕರೆಸಿ ನಿಲ್ಲಿಸಿಕೊಂಡ.

"ಸೆರೆ ಸಿಕ್ಕಿದ್ರಾ?"

"ಇಲ್ಲ. ಕಾಡಲ್ಲಿ ಅಡಗಿದ್ವಿ," ಎಂದ ಕ್ಯಾಪ್ಟನ್.

"ಓನೊದೆರಾ?"

"ಜ್ವರ ತಗೊಂಡೋಯ್ತು," ಎಂದ ಕುವಾಬಾರಾ.

ದಳಪತಿ ಇಬ್ಬರ ಮುಖವನ್ನೂ ನೋಡಿದ. "ನಿಮ್ಮ ಮಾತು ನಂಬಿದೆ. ಇದರಲ್ಲಿ ನನಗೆ ಅನುಮಾನ ಇಲ್ಲ."

ಅಬ್ಬಾ! ಕುವಾಬಾರಾನಿಗೆ ಗೆದ್ದೆ ಅನ್ನಿಸಿತು. ಪಾಪ ತನ್ನ ತಲೆಗಿರಲಿ, ಮಗಳಿಗೆ ತಗಲಲಿಲ್ಲ.

"ಹಾಗಾದ್ರೆ ಹೆಂಡ್ತಿಗೆ ಒಂದು ಕಾಗದ ಬರೀಲಾ, ಸಾರ್? ಬದುಕಿದ್ದೀನಿ ಅಂತ?"

"ಬೇಡ. ಉರಿಯೋ ವಿಮಾನಾನ ಶತ್ರುವಿನ ಫಿರಂಗಿ ಮೇಲೇ ಕೆಡವಿ ನೀವೆಲ್ಲ ವೀರಮರಣ ಪಡೆದಿರಿ ಅಂತ ಅವತ್ತೇ ಚಕ್ರವರ್ತಿಗಳ ಸನ್ನಿಧಿಗೆ ಅರಿಕೆ ಮಾಡಿದ್ದೀನಿ. ನಿಮಗೆಲ್ಲ ಬಡ್ತಿ ಆಗಿದೆ, ನಿನ್ನ ಹೆಂಡ್ತಿ ಬೂದಿ ಪೆಟ್ಟಿಗೆ ತಗೊಂಡು ಹೋಗಿದ್ದಾಳೆ, ನಿನ್ನ ಮಗಳನ್ನ ವೀರನ ಮಗಳು ಅಂತ ಊರು ಎತ್ತಿ ಆಡಿಸ್ತಿದೆ."

ದಳಪತಿ ಎದ್ದು ನಿಂತು ಇಬ್ಬರಿಗೂ ಸೆಲ್ಯೂಟ್ ಹೊಡೆದ. "ಸನ್ನಿಧಿಗೆ ಹೇಳಿದ್ದು ಸುಳ್ಳಾಗಬಾರದು, ನಾಳೆ ಬೆಳಿಗ್ಗೆ ನಿಮಗೊಂದು ವಿಮಾನ ಸಿದ್ಧ ಇರುತ್ತೆ, ಹೋಗೋಕೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಹಾಕ್ಸಿದ್ದೀನಿ."