ಅಟ್ಟದ ಏಣಿ

ಮಾಗಿಯ ಒಂದು ನಸುಕಿನಲ್ಲಿ ಚಂದವ್ವನ ಸೊಸೆಯ ಬಲಗೈ ಮೇಲೇಳದಾಯಿತು. ಅಟ್ಟದ ಏಣಿಯಿಂದ ಬಿದ್ದಳೆಂದು ಮಗ ಊರಿಗೆಲ್ಲ ಹೇಳಿದ. ಊರ ಡಾಕ್ಟರು ಪೇಟೆಯಲ್ಲಿ ತೆಗೆಸಿ ತಂದ ಸ್ಕ್ಯಾನಿನ ಲಕೋಟೆಯನ್ನೂ ಬಿಚ್ಚದೆ ಮುಲಾಮು ಬರೆದುಕೊಟ್ಟರು. ಕೊನೆಗೆ ಚಂದವ್ವನೇ ಹಟ ಹಿಡಿದು ಮಗ, ಸೊಸೆ ಇಬ್ಬರನ್ನೂ ಭುಜದ ಡಾಕ್ಟರಮ್ಮನ ಬಳಿಗೆ ಕರೆತಂದಳು.

ಡಾಕ್ಟರಮ್ಮ ಲಕೋಟೆಯೊಳಗಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಬಿದ್ದ ಪೆಟ್ಟಲ್ಲ. ಯಾರೋ ಕೈ ಹಿಂದಕ್ಕ ತಿರುವ್ಯಾರ."

"ಏಣಿಯಿಂದನ ಬಿದ್ದಾಳ್ರೀ ಮೇಡಂ. ಹೌದಲ್ಲೇ?" ಎಂದು ಮಗ ಹೆಂಡತಿಯತ್ತ ತಿರುಗಿ ನಕ್ಕ.

ಥೇಟು ಅಪ್ಪನದೇ ನಗು. ಚಂದವ್ವ ತುರುಬಿನವರೆಗೂ ಏಳದ ತನ್ನ ಬಲಗೈಯನ್ನು ಮುಂದೆ ಚಾಚಿದಳು.

"ನಂದೂ ಒಂದು ಚಿತ್ರ ತಗೀರಿ ಯವ್ವಾ. ನಾನೂ ಅದ ಏಣಿಯಿಂದ ಬಿದ್ದಾಕಿ. ಇವರಪ್ಪ ಊರಿಗೆಲ್ಲ ಹಂಗ ಹೇಳಿದ್ದ."

ಮುಂದಿನ ಬುಧವಾರ ಸೊಸೆ ಮನೆ ಬಿಟ್ಟಳು. ಗಂಟು ಹೊತ್ತು ಮುಂದೆ ನಡೆದವಳು ಅತ್ತೆ.