ಮೂರನೇ ಎಣಿಕೆ

ಗಿಟಾರುಗಳು ಥಟ್ಟನೆ ನಿಂತವು. ಇಲ್ಲಿ ಹಾಡುಗಾರ್ತಿ ಮೆನ್ನಾ ಎಣಿಸಿ, ನಾಲ್ಕನೇ ಎಣಿಕೆಗೆ ಹಾಡಬೇಕು. ಮೂವತ್ತಾರು ವರ್ಷಗಳ ಹಿಂದೆ, ಬ್ಯಾಂಡಿನ ಒಂದೇ ಒಂದು ರೆಕಾರ್ಡಿಗೆ ಹಾಡುವಾಗ, ಅವಳು ಮೂರಕ್ಕೇ ದನಿ ತೆಗೆದಿದ್ದಳು. ರೆಕಾರ್ಡಿಂಗ್ ನಡೆದಿದ್ದ, ಊರ ಚರ್ಚಿನ ಹಿಂದಿನ ಕೋಣೆಯನ್ನು ಆರು ಗಂಟೆಗೆ ಪ್ರಾರ್ಥನೆಯವರಿಗೆ ಬಿಟ್ಟುಕೊಡಬೇಕಿತ್ತು. ಇನ್ನೊಮ್ಮೆ ಹಾಡಲು ಹೊತ್ತಿರಲಿಲ್ಲ. ತಪ್ಪು ಹಾಗೇ ಅಚ್ಚಾಯಿತು, ರೆಕಾರ್ಡನ್ನು ಯಾರೂ ಕೇಳಲಿಲ್ಲ, ಬ್ಯಾಂಡು ಮುಗಿಯಿತು.

ಹೋದ ವರ್ಷ ಯಾರೋ ಅದನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಹೆಕ್ಕಿ ವೆಲ್ಶ್ ರೇಡಿಯೊಗೆ ಕೊಟ್ಟಿದ್ದೇ ನೆಪ, ಹಾಡು ಎಲ್ಲರ ಬಾಯಿಗೆ ಬಂದು, ವೇಲ್ಸಿನ ಬೆಥೆಸ್ಡಾ ಊರಿನ ಈ ಸಭಾಂಗಣ ಇವತ್ತು ಕಿಕ್ಕಿರಿದಿತ್ತು. ನಾಳೆ ಹೊಸ ರೆಕಾರ್ಡಿಗೆ ಮತ್ತೆ ಇದೇ ಹಾಡು.

"ಈ ಸಲ ನಾಲ್ಕಕ್ಕೇ," ಎಂದು ವೇದಿಕೆ ಹತ್ತುವ ಮುಂಚೆ ಮೆನ್ನಾ ಕಡ್ಡಿ ಮುರಿದಂತೆ ಹೇಳಿದ್ದಳು. "ಆ ರೆಕಾರ್ಡಿನ ಅವಸರದ ಹುಡುಗಿ ನನಗೆ ಸಾಕಾಗಿದಾಳೆ."

"ನಿನ್ನಿಷ್ಟ ಕಣೇ," ಎಂದಿದ್ದ ಗಿಟಾರ್ ನುಡಿಸುವ ಹೆವಿನ್.

ಈಗ ಅವಳು ತೊಡೆಯ ಮೇಲೆ ಬೆರಳು ತಟ್ಟುತ್ತ ಎಣಿಸಿದಳು. ಒಂದು, ಎರಡು. ಮೂರಕ್ಕೆ ಇಡೀ ಸಭಾಂಗಣ ಹಾಡಿತು. ಹಾಡು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಜನವಲ್ಲ ಅವರು. ಆ ರೆಕಾರ್ಡು ಬಂದಾಗ ಹುಟ್ಟೇ ಇರದವರೂ ಅವಳ ಅವಸರವನ್ನು ಕೂದಲೆಳೆಯಷ್ಟೂ ತಪ್ಪದೆ ಕಲಿತಿದ್ದರು. ನಾಲ್ಕಕ್ಕೆ ತೆರೆದ ಮೆನ್ನಾಳ ಬಾಯಿ ಹಾಗೇ ನಿಂತಿತು.

ಹೆವಿನ್ ಅವಳತ್ತ ಬಾಗಿದ. "ಏನಮ್ಮಾ, ನಿನ್ನ ಹಾಡಿಗೆ ನೀನೇ ಲೇಟಾ?"

"ನಾಳೆಗೂ ಮೂರೇ ಇರ್ಲಿ," ಎಂದಳು ಮೆನ್ನಾ.

ಗಿಟಾರುಗಳು ಮತ್ತೆ ನಿಂತಾಗ ಅವಳು ಕೈಯನ್ನು ಜೇಬಿಗೆ ಇಳಿಸಿದಳು. ಎಣಿಸಲಿಲ್ಲ. ಮೂರಕ್ಕೆ ಸರಿಯಾಗಿ, ಎಲ್ಲರಿಗಿಂತ ಜೋರಾಗಿ ಹಾಡಿದಳು.