ಒತ್ತಿದ್ದನೋ ಇಲ್ಲವೋ

“ಬ್ರೇಕ್ ಒತ್ತಿದ್ದನೋ ಇಲ್ಲವೋ, ಅಷ್ಟು ಹೇಳಪ್ಪ,” ಎಂದಳು ಬಚ್ಚಮ್ಮ. “ರಿಪೇರಿ ಆಮೇಲೆ.”

ಮೆಕ್ಯಾನಿಕ್ ಕದಿರೇಶ್ ಪಿಕಪ್ ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಎಡಭಾಗ ಒಳಕ್ಕೆ ಹೋಗಿತ್ತು. ಒಂದು ಹೆಡ್‌ಲೈಟ್ ಇರಲಿಲ್ಲ. ಹಿಂದೆ ಟೊಮ್ಯಾಟೊ ರಸ ಒಣಗಿ ಕಪ್ಪಾಗಿ ಅಂಟಿಕೊಂಡಿತ್ತು. ಶ್ರೀನಿವಾಸಪುರದ ಕಡೆಯ ಊರಿನಿಂದ ನಂಗಲಿಯ ಈ ಗ್ಯಾರೇಜಿನವರೆಗೆ, ಪೊಲೀಸರು ಬಿಟ್ಟುಕೊಟ್ಟ ಗಾಡಿಯನ್ನು ಎಳೆಸಿಕೊಂಡು ಬಂದಿದ್ದರು.

“ಇಂಜಿನ್ ಹೋಗಿದೆಯೇನಮ್ಮ?”

“ಇಲ್ಲ. ಓಡ್ತದೆ. ಓಡಿಸೋರಿಲ್ಲ.”

ಅವಳ ಜೊತೆ ಬಂದ ಯುವಕ ಬೇವಿನ ಮರದ ಕೆಳಗೆ ಹಳೇ ಟೈರಿನ ಮೇಲೆ ಕೂತಿದ್ದ. ಹೆಸರು ಚೈತನ್ಯ, ಅವತ್ತು ಗಾಡಿ ಓಡಿಸುತ್ತಿದ್ದವನು ಅವನೇ ಎಂದು ಅವಳೇ ಹೇಳಿದ್ದಳು. ಹೆಚ್ಚು ಕೇಳುವ ಅಗತ್ಯ ಕದಿರೇಶನಿಗೆ ಕಾಣಲಿಲ್ಲ. ಆಕ್ಸಿಡೆಂಟ್ ಮಾಡಿಕೊಂಡ ಮಗ, ಕೇಸಿಗೆ ಹೆದರಿದ ತಾಯಿ. ಹೆದ್ದಾರಿ ಪಕ್ಕ ಗ್ಯಾರೇಜು ಇಟ್ಟವನಿಗೆ ಇಂಥವರು ಹೊಸಬರಲ್ಲ.

“ನಿಮ್ಮ ಕಡೆ ಗ್ಯಾರೇಜು ಇರಲಿಲ್ವಾ? ಇಷ್ಟು ದೂರ ಬಂದಿದ್ದೀರಲ್ಲ.”

“ಅವೆ. ಅಲ್ಲಿ ಎಲ್ಲಾರಿಗೂ ನಾವು ಗೊತ್ತು. ನನಗೊಂದು ಹೇಳ್ತಾರೆ, ಇವನಿಗೊಂದು ಹೇಳ್ತಾರೆ. ನಮ್ಮನ್ನ ಅರಿಯದೋರು ಹೇಳ್ಬೇಕು.”

ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತಿತ್ತು.

ಕದಿರೇಶ್ ಕೀ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ, ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ಕಾಯುವ ಎಬಿಎಸ್ಸಿನ ದೀಪ ಹತ್ತಿತು, ಆರಲಿಲ್ಲ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ. ಮುಂದಿನ ಎಡಚಕ್ರದ ಸೆನ್ಸರ್ ಸುದ್ದಿಯನ್ನೇ ಕಳಿಸುತ್ತಿಲ್ಲ ಎಂದು ತೋರಿಸಿತು. ಜಾಕ್ ಹಾಕಿ ಚಕ್ರ ಬಿಚ್ಚತೊಡಗಿದ.

“ಮಗನಿಗೆ ಏಟು ಜಾಸ್ತಿ ಆಯ್ತೇನಮ್ಮ?”

“ಆಯ್ತು.”

ಕದಿರೇಶ್ ಮರದ ಕಡೆ ನೋಡಿದ. ಮೈಮೇಲೆ ಒಂದು ಗೀರೂ ಇಲ್ಲ. ಒಳಗೇಟಿರಬೇಕು ಅಂದುಕೊಂಡ. “ಟೀ ತಾಗ್ತಾವಾ ಬಾಬು?” ಎಂದು ತೆಲುಗಿನಲ್ಲಿ ಟೀಗೆ ಕರೆದು ನೋಡಿದ. ಯುವಕ ಕತ್ತೆತ್ತಲಿಲ್ಲ.

“ಅವತ್ತಿಂದ ಹಂಗೇ,” ಎಂದಳು ಬಚ್ಚಮ್ಮ. “ಬೆಳಿಗ್ಗೆ ಬಂದು ಬಾಗಿಲ ಹತ್ರ ಕೂತ್ಕೋತಾನೆ. ಕತ್ತಲಾದ್ಮೇಲೆ ಎದ್ದು ಹೋಗ್ತಾನೆ. ಮುದ್ದೆ ಇಟ್ಟರೆ ಉಣ್ತಾನೆ, ಇಡದಿದ್ರೆ ಇಲ್ಲ. ನಾನೂ ಏನೂ ಕೇಳಿಲ್ಲ.”

ಸೆನ್ಸರಿನ ವೈರು ಮೇಲೆ ನೋಡಲು ಸರಿಯಾಗೇ ಇತ್ತು. ಕರೆಂಟ್ ಅಳೆಯುವ ಮೀಟರ್ ಹಿಡಿದು ವೈರನ್ನು ಸ್ವಲ್ಪ ಬಾಗಿಸಿದಾಗ ಅದರ ಮುಳ್ಳು ಸೊನ್ನೆಗೆ ಬಿದ್ದುಹೋಯಿತು. ನೆಟ್ಟಗೆ ಹಿಡಿದರೆ ಎದ್ದಿತು. ರಬ್ಬರಿನ ಒಳಗೆ ತಂತಿ ತುಂಡಾಗಿತ್ತು.

“ದೀಪ ಬರೋದು, ಹೋಗೋದು ಮಾಡ್ತಿತ್ತಲ್ವಾ?” ಎಂದು ಯುವಕನನ್ನು ಕೇಳಿದ.

ಚೈತನ್ಯ ತಲೆಯಾಡಿಸಿದ.

“ಬ್ರೇಕ್ ಹಿಡೀತಿತ್ತಲ್ಲ ಅಂತ ನೀನೂ ಸುಮ್ಮನಿದ್ದೆ,” ಎಂದ ಕದಿರೇಶ್. “ಎಲ್ಲಾರೂ ಹಂಗೇ.”

ಆಮೇಲೆ ಬಿಚ್ಚಿಟ್ಟ ಚಕ್ರವನ್ನು ಉರುಳಿಸುತ್ತಿದ್ದವನು ತಟ್ಟನೆ ನಿಂತ. ಟೈರಿನ ಮೇಲೆ ಅಂಗೈಯಗಲ ಜಾಗ ನುಣ್ಣಗೆ ಸವೆದಿತ್ತು. ಬೇರೆಲ್ಲ ಕಡೆ ಕಚ್ಚು ಆಳವಾಗಿಯೇ ಇತ್ತು. ಬಲಗಡೆಯದನ್ನೂ ನೋಡಿದ. ಅದೂ ಹಾಗೇ.

“ಬನ್ನಿಮ್ಮ, ಕೈ ಇಟ್ಟು ನೋಡಿ. ಚಕ್ರ ತಿರುಗದೆ ರೋಡಿಗೆ ಉಜ್ಜಿಕೊಂಡು ಹೋದ್ರೇನೇ ಹಿಂಗಾಗೋದು. ಕಾಲಲ್ಲಿದ್ದ ಶಕ್ತಿಯೆಲ್ಲಾ ಹಾಕಿ ಒತ್ತಿದ್ದಾನೆ.”

ಬಚ್ಚಮ್ಮ ಆ ಜಾಗದ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ.

“ಒತ್ತಿದ್ರೆ ಯಾಕೆ ನಿಲ್ಲಲಿಲ್ಲ?”

“ಸೆನ್ಸರ್ ಕೆಟ್ಟರೆ ಎಬಿಎಸ್ಸೇ ಬಂದ್ ಆಗ್ತದೆ. ಜೋರಾಗಿ ಒತ್ತಿದಾಗ ಚಕ್ರ ಬಿಗಿದು ನಿಂತುಬಿಡ್ತದೆ, ಗಾಡಿ ನಿಲ್ಲಲ್ಲ. ಸ್ಟೇರಿಂಗ್ ತಿರುಗಿಸಿದ್ರೂ ಕೇಳಲ್ಲ. ನೆಟ್ಟಗೆ ಜಾರ್ತದೆ.”

“ತಿರುಗಿಸಿದ್ನಾ?”

“ಅದು ನನಗೆ ಗೊತ್ತಾಗಲ್ಲಮ್ಮ.”

“ತಿರುಗಿಸ್ದೆ,” ಎಂದ ಚೈತನ್ಯ.

ಬಹಳ ದಿನ ಮುಚ್ಚಿದ್ದ ಬಾಯಿಂದ ಬಂದ ಮಾತು, ಒಡೆದು ಬಂತು. ಬಚ್ಚಮ್ಮ ಅವನತ್ತ ನೋಡಿದಳು. ಅಲ್ಲಿಗೆ ಬಂದಮೇಲೆ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು.

ಮುಳಬಾಗಿಲಿನಿಂದ ಹೊಸ ಸೆನ್ಸರ್ ತರಿಸಿದ್ದಾಯಿತು. ಕದಿರೇಶ್ ಸೆನ್ಸರ್ ಎದುರಿನ ಹಲ್ಲುಚಕ್ರದ ತುಕ್ಕು ಉಜ್ಜಿ, ವೈರನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಟೈರು ಬದಲಿಸಿದ. ಸ್ಕ್ಯಾನರಿನಲ್ಲಿ ಹಳೆಯ ದೋಷ ಅಳಿಸಿದ. ದೀಪ ಆರಿತು.

“ನಾಳೆ ಕೋರ್ಟಿಗೆ ಕರೆದವ್ರೆ. ನೀನು ಹೇಳಿದ್ದನ್ನೇ ಹೇಳ್ತೀನಿ,” ಎಂದಳು ಬಚ್ಚಮ್ಮ.

“ನಿಮ್ಮ ಮಾತು ನಡೆಯಲ್ಲಮ್ಮ. ಹೆತ್ತವಳು, ಮಗನ ಪರವಾಗಿ ಹೇಳ್ತಾಳೆ ಅಂತಾರೆ. ಬೇಕಾದ್ರೆ ನಾನೇ ಬಂದು ಹೇಳ್ತೀನಿ.”

“ಬಾಪ್ಪ. ನಾನೂ ಹೇಳ್ತೀನಿ.”

ಗ್ಯಾರೇಜಿನ ಹಿಂದಿನ ಮಣ್ಣಿನ ದಾರಿಗೆ ಕದಿರೇಶ್ ನೀರು ಹೊಯ್ದ. ತಾನೇ ಓಡಿಸಿ ನೋಡುವುದರಲ್ಲಿದ್ದ. ಬಚ್ಚಮ್ಮ ಅವನನ್ನು ತಡೆದು, ಚೈತನ್ಯನಿಗೆ ಡ್ರೈವರ್ ಬಾಗಿಲು ತೋರಿಸಿ, ತಾನು ಪಕ್ಕದಲ್ಲಿ ಹತ್ತಿ ಕೂತಳು. ಯುವಕ ತುಂಬಾ ಹೊತ್ತು ಸ್ಟೇರಿಂಗ್ ಮುಟ್ಟಲಿಲ್ಲ. ಮುಟ್ಟಿದ ಮೇಲೆ ಗಾಡಿ ಹೊರಟಿತು.

“ಒತ್ತು,” ಎಂದು ಕದಿರೇಶ್ ಕೂಗಿದ.

ಎಬಿಎಸ್ ಕೆಲಸ ಮಾಡಿ ಪೆಡಲ್ ಗಡಗಡ ನಡುಗಿದ ಸದ್ದು ಹೊರಗೂ ಕೇಳಿಸಿತು. ಒದ್ದೆ ಮಣ್ಣಿನಲ್ಲಿ ಗಾಡಿ ಸ್ವಲ್ಪವೂ ಓರೆಯಾಗದೆ ನಿಂತಿತು. ಚೈತನ್ಯ ಮಾತ್ರ ಕಾಲು ತೆಗೆಯಲಿಲ್ಲ.

“ಬಿಡಪ್ಪ,” ಎಂದಳು ಬಚ್ಚಮ್ಮ ಮೆಲ್ಲಗೆ. “ನಿಂತದೆ.”

ಅವನು ಸ್ಟೇರಿಂಗಿಗೆ ಹಣೆಯಿಟ್ಟ. ಅವಳ ಕೈ ಅವನ ಬೆನ್ನಿನ ಹತ್ತಿರ ಹೋಯಿತು, ಒಂದಿಷ್ಟು ಹೊತ್ತು ಗಾಳಿಯಲ್ಲೇ ಉಳಿಯಿತು, ಆಮೇಲೆ ಬೆನ್ನ ಮೇಲೆ ಇಳಿಯಿತು.

ಕದಿರೇಶ್ ಕಿಟಕಿಯ ಹತ್ತಿರ ಬಂದ. “ಮಗನ್ನ ಮನೆಗೆ ಕರಕೊಂಡು ಹೋಗಮ್ಮ. ಇವತ್ತು ನಿದ್ದೆ ಮಾಡ್ತಾನೆ.”

“ಇವನನ್ನ ಇವರಮ್ಮನ ಹತ್ರ ಬಿಟ್ಟು ಹೋಗ್ತೀನಪ್ಪ,” ಎಂದಳು ಬಚ್ಚಮ್ಮ. “ನನ್ನ ಮಗ ಅವತ್ತು ಈ ಗಾಡಿ ಮುಂದೆ ರೋಡು ದಾಟ್ತಿದ್ದ.”